ಓಡುವ ಗಾಡಿಯಲ್ಲಿ ಆಡಿದ ಮಾತು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ವಾಹನದೊಳಗೆ ಮಾತು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ, ಅದನ್ನು ಅಳೆಯುವುದು ಹೇಗೆ ಎಂದು ಮುಂಬಯಿ, ಪುಣೆ, ಗೋವಾದ ಓದುಗರು ಬರೆದ ಪತ್ರಗಳಿಂದ ಆಯ್ದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಮ್ಮ ಹಳೆ ಕಾರು, ಹೊಸ ಕಾರು ಎರಡರಲ್ಲೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಫೋನಿನ ಆ್ಯಪ್ 67 ಡೆಸಿಬೆಲ್ ತೋರಿಸುತ್ತದೆ. ಆದರೆ ಹೊಸ ಕಾರಿನಲ್ಲಿ ಹಿಂದೆ ಕೂತ ಅಮ್ಮನಿಗೆ ನನ್ನ ಮಾತು ಅರ್ಥವೇ ಆಗುವುದಿಲ್ಲ. ಆ್ಯಪ್ ಸುಳ್ಳು ಹೇಳುತ್ತಿದೆಯೇ? (ಚಿಂಚವಡದ ಓದುಗರು)

ಆ್ಯಪ್ ಹೇಳುವುದು ನಿಜವೇ ಇರಬಹುದು, ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. 67 ಎಂಬುದು ಇಡೀ ಗದ್ದಲವನ್ನು ಒಂದೇ ಮೂಟೆಗೆ ಕಟ್ಟಿ ತೂಗಿದ ಲೆಕ್ಕ. ಮಾತಿಗೆ ಬೇಕಾದದ್ದು ಆ ಮೂಟೆಯೊಳಗೆ ಏನಿದೆ ಎಂಬುದು. ಸ್ವರಗಳ ಬಲ ಹೆಚ್ಚಾಗಿ 1000 ಹರ್ಟ್ಜ್‌ಗಿಂತ (ಹರ್ಟ್ಜ್ ಎಂದರೆ ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕ) ಕೆಳಗಿದ್ದರೆ, ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ವ್ಯಂಜನಗಳ ಗುರುತು ಬಹುಪಾಲು 1000ದಿಂದ 4000 ಹರ್ಟ್ಜ್ ನಡುವೆ ಇರುತ್ತದೆ. ಗದ್ದಲ ಆ ಜಾಗದಲ್ಲಿ ಕೂತರೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ.

ಲೆಕ್ಕಕ್ಕೆಂದು ಎರಡು ಕಾರುಗಳನ್ನು ಹೀಗೆ ಊಹಿಸಿಕೊಳ್ಳಿ. ಮೊದಲನೆಯದರಲ್ಲಿ 125 ಹರ್ಟ್ಜ್ ಪಟ್ಟಿಯಲ್ಲಿ, ಅಂದರೆ ಆ ಕಂಪನದ ಆಸುಪಾಸಿನ ಸದ್ದಿನ ಹೋಳಿನಲ್ಲಿ, 80 ಡೆಸಿಬೆಲ್, 250ರಲ್ಲಿ 70, 500ರಲ್ಲಿ 60, 1000ದಲ್ಲಿ 55, 2000ದಲ್ಲಿ 48, 4000ದಲ್ಲಿ 40. ಎರಡನೆಯದರಲ್ಲಿ ಅದೇ ಸಾಲಿನಲ್ಲಿ 66, 63, 63, 63, 59, 52. ಎ-ತೂಕ (ಕಿವಿಗೆ ಕಡಿಮೆ ಕೇಳುವ ಕೆಳಪಟ್ಟಿಗಳ ಬೆಲೆಯನ್ನು ತಗ್ಗಿಸುವ ಲೆಕ್ಕ) ಕೊಟ್ಟು ಕೂಡಿಸಿದರೆ ಎರಡೂ 67 ಡೆಸಿಬೆಲ್‌ಗೇ ಬಂದು ನಿಲ್ಲುತ್ತವೆ. ಈಗ ಮಾತಿಗೆ ಅಡ್ಡಿಯಾಗುವ ಮಟ್ಟವನ್ನು ತೆಗೆಯಿರಿ. 500, 1000, 2000, 4000 ಈ ನಾಲ್ಕು ಪಟ್ಟಿಗಳ ಸರಾಸರಿ, ಎ-ತೂಕ ಇಲ್ಲದೆ. ಮೊದಲನೆಯದಕ್ಕೆ ಸುಮಾರು 51, ಎರಡನೆಯದಕ್ಕೆ 59. ಒಟ್ಟು ಅಂಕೆ ಮುಚ್ಚಿಟ್ಟಿದ್ದ ಎಂಟು ಡೆಸಿಬೆಲ್ ಅಂತರ ಇಲ್ಲಿ ಹೊರಬಿತ್ತು.

ಇದನ್ನು ಮಾತಿನ ಜೊತೆ ಹೋಲಿಸುವ ದಾರಿ ಐಎಸ್‌ಒ 9921 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿದೆ. ಬಾಯಿಯ ಮುಂದೆ 1 ಮೀಟರ್ ದೂರದಲ್ಲಿ ಸಾಮಾನ್ಯ ಮಾತು 60 ಡೆಸಿಬೆಲ್, ಏರಿದ ದನಿ 66, ಜೋರು ದನಿ 72. ನೀವು ರಸ್ತೆ ನೋಡುತ್ತ ಏರಿದ ದನಿಯಲ್ಲಿ ಮಾತಾಡುತ್ತೀರಿ ಎನ್ನೋಣ. ಮುಖ ಆ ಕಡೆಗಿರುವುದರಿಂದ ಹಿಂದಿನ ಸೀಟಿಗೆ ಒಂದೈದು ಡೆಸಿಬೆಲ್ ಕಡಿಮೆಯಾಗಿ 61 ತಲುಪಿತು. ಅದರಿಂದ ಅಡ್ಡಿಯ ಮಟ್ಟ ಕಳೆದರೆ ಮೊದಲ ಕಾರಿನಲ್ಲಿ 10, ಎರಡನೆಯದರಲ್ಲಿ 2. ಈ ಕಳೆತ 15ರಿಂದ 21 ಇದ್ದರೆ ಚೆನ್ನ, 10ರಿಂದ 15 ಪರವಾಗಿಲ್ಲ, 3ರಿಂದ 10 ಕಳಪೆ, 3ಕ್ಕಿಂತ ಕೆಳಗೆ ಕೆಟ್ಟದ್ದು. ನಿಮ್ಮ ಅಮ್ಮ ಕೂತಿರುವುದು ಹೆಚ್ಚುಕಡಿಮೆ ಆ ಕೊನೆಯ ಸಾಲಿನಲ್ಲಿ.

ಕಾರು ತಯಾರಕರು ಇದೇ ವಿಚಾರವನ್ನು ‘ಆರ್ಟಿಕ್ಯುಲೇಶನ್ ಇಂಡೆಕ್ಸ್’ ಎಂಬ ಶೇಕಡಾ ಅಂಕೆಯಲ್ಲಿ ಹೇಳುತ್ತಾರೆ. ಇದರ ಬೇರು 1947ರಲ್ಲಿ ಫ್ರೆಂಚ್ ಮತ್ತು ಸ್ಟೈನ್‌ಬರ್ಗ್ ದೂರವಾಣಿಗಾಗಿ ಮಾಡಿದ ಕೆಲಸ. 200ರಿಂದ 6300 ಹರ್ಟ್ಜ್‌ವರೆಗಿನ 16 ಸಣ್ಣ ಪಟ್ಟಿಗಳಲ್ಲಿ ಪ್ರತಿಯೊಂದಕ್ಕೂ 30 ಡೆಸಿಬೆಲ್‌ನ ಒಂದು ಕಿಟಕಿ. ಗದ್ದಲ ಕಿಟಕಿಯ ಕೆಳಗಿದ್ದರೆ ಆ ಪಟ್ಟಿಯ ಪೂರ್ತಿ ಅಂಕ, ಮೇಲೆ ದಾಟಿದರೆ ಸೊನ್ನೆ, ನಡುವೆ ಇದ್ದರೆ ಅದಕ್ಕೆ ತಕ್ಕಷ್ಟು. ಒಂದು ಮಾತು ನೆನಪಿರಲಿ: ಇದು ಗದ್ದಲವನ್ನಷ್ಟೇ ಅಳೆದು, ಮಾತಿನ ಮಟ್ಟವನ್ನು ಮೊದಲೇ ಹೀಗೇ ಎಂದು ಗೊತ್ತುಮಾಡಿಕೊಂಡ ಲೆಕ್ಕ. ಯಾರ ಬಾಯಿಂದ ಯಾರ ಕಿವಿಗೆ ಎಂಬುದು ಅದಕ್ಕೆ ಗೊತ್ತಿಲ್ಲ.

ಮನೆಯಲ್ಲೇ ಅಳೆಯುವುದಾದರೆ ಆಕ್ಟೇವ್ ಪಟ್ಟಿ (125, 250, 500 ಎಂದು ಇಮ್ಮಡಿಯಾಗುತ್ತ ಹೋಗುವ ಪಟ್ಟಿಗಳು) ತೋರಿಸುವ ಆ್ಯಪ್ ಇಟ್ಟುಕೊಳ್ಳಿ. ಮೈಕಿನ ಜಾಗಕ್ಕೆ ಐಎಸ್‌ಒ 5128ರ ಅಳತೆ ಅನುಕೂಲ: ಸೀಟು ಮತ್ತು ಒರಗು ಸೇರುವ ಗೆರೆಯಿಂದ 70 ಸೆಂಟಿಮೀಟರ್ ಮೇಲೆ, ಸೀಟಿನ ನಡುಗೆರೆಯಿಂದ 20 ಸೆಂಟಿಮೀಟರ್ ಬಲಕ್ಕೆ. ಫೋನನ್ನು ಸೀಟಿಗೆ ತಾಗಿಸಬೇಡಿ, ನಡುಕ ನೇರ ಮೈಕಿಗೆ ಇಳಿದು ಕೆಳಪಟ್ಟಿಗಳನ್ನು ಉಬ್ಬಿಸುತ್ತದೆ. ಮೈಕಿನ ತೂತನ್ನು ಬೆರಳು ಮುಚ್ಚದಿರಲಿ. ಕಿಟಕಿ ಮುಚ್ಚಿ, ಎಸಿ ಫ್ಯಾನ್ ಎಷ್ಟರಲ್ಲಿದೆ ಎಂದು ಬರೆದುಕೊಳ್ಳಿ. ಹಿಂದೆ ಕೂತವರು ಅಳೆಯಲಿ, ಓಡಿಸುವವರಲ್ಲ. ಒಂದೇ ತುಂಡು ರಸ್ತೆಯಲ್ಲಿ ಹೋಗುತ್ತ ಮೂರು, ಬರುತ್ತ ಮೂರು ಸಲ, ಪ್ರತಿ ಸಲ ಹತ್ತು ಸೆಕೆಂಡ್ ಏರಿಳಿತವಿಲ್ಲದ ವೇಗ. ಆ್ಯಪ್‌ನ ಒಂಟಿ ಅಂಕೆಯನ್ನು ನಂಬಬೇಡಿ. ಅದೇ ಫೋನಿನಲ್ಲಿ ಅಳೆದ ಎರಡು ಕಾರುಗಳ ವ್ಯತ್ಯಾಸವನ್ನು ನಂಬಬಹುದು.

ಮುಂದಿನ ಪ್ರಶ್ನೆ, ಗದ್ದಲ ಎಲ್ಲಿಂದ ಬರುತ್ತಿದೆ? ಅದೇ ವೇಗದಲ್ಲಿ ಗೇರ್ ಬದಲಿಸಿದಾಗ ಸ್ವರ ಸರಿದಾಡಿದರೆ ಎಂಜಿನ್. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ 100 ಹರ್ಟ್ಜ್ ಗುಂಯ್‌ಗುಡುತ್ತದೆ, ಮೂರು ಸಿಲಿಂಡರಿನದು 75. ಕಾಂಕ್ರೀಟಿನಿಂದ ಡಾಂಬರಿಗೆ ಇಳಿದ ಕ್ಷಣ ಗದ್ದಲ ಬಿದ್ದರೆ ಟಯರ್. ವೇಗ 50ರಿಂದ 100ಕ್ಕೆ ಏರಿದಾಗ ಟಯರಿನ ಸದ್ದು ಸುಮಾರು 9ರಿಂದ 12 ಡೆಸಿಬೆಲ್ ಏರಿದರೆ, ಗಾಳಿಯದು 18ರ ಹತ್ತಿರ ಏರುತ್ತದೆ. ಗಾಳಿಯ ಮೇಲೆ ಅನುಮಾನವಿದ್ದರೆ ಬಾಗಿಲಿನ ಸಂದುಗಳಿಗೆ ಹೊರಗಿನಿಂದ ಪೇಂಟರುಗಳ ಕಾಗದದ ಟೇಪು ಅಂಟಿಸಿ, ಅದೇ ರಸ್ತೆಯಲ್ಲಿ ಮತ್ತೆ ಅಳೆಯಿರಿ. ಹಿಂದಿನ ಒಂದು ಬಾಗಿಲನ್ನಾದರೂ ಟೇಪಿಲ್ಲದೆ ಬಿಡಿ, ಇಳಿಯಲು ದಾರಿ ಬೇಕು. 2000 ಮತ್ತು 4000ದ ಪಟ್ಟಿಗಳು 3 ಡೆಸಿಬೆಲ್‌ನಷ್ಟು ಇಳಿದರೆ ರಬ್ಬರ್ ಬೀಡಿಂಗ್ ಬದಲಿಸುವುದಕ್ಕೆ ಅರ್ಥವಿದೆ.

ಪ್ರಶ್ನೆ: ಲೋಕಲ್ ರೈಲಿನ ಡಬ್ಬಿಯೊಳಗಿನ ಘೋಷಣೆ ಎಷ್ಟು ಸ್ಪಷ್ಟ ಎಂದು ಅಳೆಯಲು ನಮ್ಮ ಪ್ರಯಾಣಿಕರ ಗುಂಪಿಗೆ ಆಸೆ. ಎಸ್‌ಟಿಐ ಎಂಬ ಅಳತೆ ಇದೆಯಂತೆ. ಓಡುವ ಡಬ್ಬಿಯಲ್ಲಿ ಅದು ನಡೆಯುತ್ತದೆಯೇ? (ಡೊಂಬಿವಲಿಯಿಂದ)

ನಡೆಯುತ್ತದೆ, ಆದರೆ ಮೀಟರು ಹಿಡಿದು ಓಡುವ ರೈಲು ಹತ್ತಿ ಗುಂಡಿ ಒತ್ತಿದರೆ ಬರುವ ಅಂಕೆ ಬಹಳ ಸಲ ತಪ್ಪು. ಕಾರಣ ಅಳತೆಯ ಹುಟ್ಟಿನಲ್ಲೇ ಇದೆ.

ಎಸ್‌ಟಿಐ, ಅಂದರೆ ‘ಸ್ಪೀಚ್ ಟ್ರಾನ್ಸ್‌ಮಿಶನ್ ಇಂಡೆಕ್ಸ್’, ಸೊನ್ನೆಯಿಂದ 1ರವರೆಗಿನ ಅಂಕೆ. ನೆದರ್‌ಲೆಂಡ್ಸ್‌ನಲ್ಲಿ ಹೌಟ್‌ಗಾಸ್ಟ್ ಮತ್ತು ಸ್ಟೀನೆಕೆನ್ 1970ರ ದಶಕದಲ್ಲಿ ರೂಪಿಸಿದ್ದು, ಇಂದು ಐಇಸಿ 60268-16 ಎಂಬ ಅಂತರರಾಷ್ಟ್ರೀಯ ಮಾನಕ. ಮಾತು ಎಂದರೆ ಏರಿಳಿಯುವ ಸದ್ದು. ಆ ಏರಿಳಿತ ಕೇಳುಗನನ್ನು ತಲುಪುವ ಹೊತ್ತಿಗೆ ಎಷ್ಟು ಉಳಿದಿದೆ ಎಂಬುದೇ ಎಣಿಕೆ. ಪ್ರತಿಧ್ವನಿ ಏರಿಳಿತದ ತಗ್ಗುಗಳನ್ನು ತುಂಬಿಬಿಡುತ್ತದೆ, ಗದ್ದಲವೂ ಅದನ್ನೇ ಮಾಡುತ್ತದೆ. ಪೂರ್ಣ ವಿಧಾನದಲ್ಲಿ 125ರಿಂದ 8000 ಹರ್ಟ್ಜ್‌ವರೆಗೆ ಏಳು ಪಟ್ಟಿ, ಪ್ರತಿಯೊಂದರಲ್ಲೂ ಸೆಕೆಂಡಿಗೆ 0.63ರಿಂದ 12.5 ಸಲದವರೆಗಿನ 14 ಏರಿಳಿತದ ವೇಗಗಳು, ಒಟ್ಟು 98 ಬೆಲೆಗಳು. ‘ಸ್ಟೀಪಾ’ ಎಂಬ ಕಿರುರೂಪದಲ್ಲಿ ಪ್ರತಿ ಪಟ್ಟಿಗೆ ಎರಡೇ ವೇಗ, ಕಾಲು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ.

ತೊಂದರೆ ಏನೆಂದರೆ, ಹಳಿಯ ಕೀಲಿನ ಟಕ್‌ಟಕ್ಕು, ಬ್ರೇಕಿನ ಗಾಳಿಯ ಬುಸ್ಸು, ಪಕ್ಕದ ಹಳಿಯ ರೈಲು ಹಾದುಹೋಗುವುದು, ಇವೂ ಏರಿಳಿತಗಳೇ. ಮೀಟರಿಗೆ ಅದು ಮಾತೋ ಹಳಿಯೋ ತಿಳಿಯುವುದಿಲ್ಲ. ಪರೀಕ್ಷೆ ಸುಲಭ: ಅಳತೆಗೆಂದು ಸ್ಪೀಕರಿನಲ್ಲಿ ನುಡಿಸುವ ಪರೀಕ್ಷಾ ಸಂಕೇತವನ್ನು ನುಡಿಸದೆ ಬರಿ ಗದ್ದಲದಲ್ಲಿ ಅಳೆಯಿರಿ. ಅಂಕೆ 0.20ಕ್ಕಿಂತ ಕೆಳಗಿರಬೇಕು. ಅದಕ್ಕೂ ಮೇಲೆ ತೋರಿಸಿದರೆ ಆ ಜಾಗದ ಸ್ಟೀಪಾ ಅಳತೆಯನ್ನು ಕಸಕ್ಕೆ ಹಾಕಿ.

ಹಾಗಾಗಿ ಕೆಲಸವನ್ನು ಎರಡು ತುಂಡು ಮಾಡಬೇಕು. ರೈಲು ಕಾರ್‌ಶೆಡ್ಡಿನಲ್ಲಿ ನಿಂತಿರುವಾಗ, ಫ್ಯಾನ್ ಆರಿಸಿ, ಸಂಕೇತವನ್ನು ಘೋಷಣೆಯ ವ್ಯವಸ್ಥೆಯ ಮೂಲಕ ನುಡಿಸಿ ಏರಿಳಿತದ ಬೆಲೆಗಳನ್ನು ಉಳಿಸಿಕೊಳ್ಳಿ. ಇದಕ್ಕೆ ರೈಲ್ವೆಯ ಅನುಮತಿ ಬೇಕೇಬೇಕು, ಆ ವ್ಯವಸ್ಥೆಯನ್ನು ಪ್ರಯಾಣಿಕರು ಮುಟ್ಟುವಂತಿಲ್ಲ. ಆಮೇಲೆ ಓಡುವ ರೈಲಿನಲ್ಲಿ ಗದ್ದಲವನ್ನು ಮಾತ್ರ ಏಳು ಪಟ್ಟಿಗಳಲ್ಲಿ ಅಳೆದು ಎರಡನ್ನೂ ಕಾಗದದ ಮೇಲೆ ಸೇರಿಸಿ.

ಒಂದು ಪಟ್ಟಿಯ ಲೆಕ್ಕ ನೋಡಿ. ನಿಂತ ಡಬ್ಬಿಯಲ್ಲಿ ಏರಿಳಿತ 0.80 ಉಳಿದಿತ್ತು. ಉಳಿದ 0.80ನ್ನು ಕಳೆದುಹೋದ 0.20ರಿಂದ ಭಾಗಿಸಿದರೆ 4, ಡೆಸಿಬೆಲ್‌ನಲ್ಲಿ 6. ಅದಕ್ಕೆ 15 ಕೂಡಿಸಿ 30ರಿಂದ ಭಾಗಿಸಿದರೆ 0.70, ಚೆನ್ನಾಗಿದೆ. ಓಡುವಾಗ ಗದ್ದಲ ಮಾತಿನಷ್ಟೇ ಜೋರಾಯಿತು, ಅಂತರ ಸೊನ್ನೆ ಡೆಸಿಬೆಲ್. ಆಗ ಏರಿಳಿತ ಅರ್ಧಕ್ಕರ್ಧ ಕುಸಿದು 0.40. ಅದೇ ದಾರಿಯಲ್ಲಿ ಹೋದರೆ −1.8 ಡೆಸಿಬೆಲ್, ಕೊನೆಗೆ 0.44. ಮಾತು ಗದ್ದಲಕ್ಕಿಂತ 5 ಡೆಸಿಬೆಲ್ ಮೇಲಿದ್ದಿದ್ದರೆ 0.56 ಸಿಗುತ್ತಿತ್ತು. 0.30ರಿಂದ 0.45 ಕಳಪೆ, 0.60ರವರೆಗೆ ಪರವಾಗಿಲ್ಲ, 0.75ರವರೆಗೆ ಚೆನ್ನ. ಯುರೋಪಿನ ರೈಲು ನಿಯಮ ಡಬ್ಬಿಯೊಳಗಿನ ಘೋಷಣೆಗೆ ಕನಿಷ್ಠ 0.45 ಕೇಳುತ್ತದೆ, ಹೋಲಿಕೆಗೆ ಅದನ್ನು ಇಟ್ಟುಕೊಳ್ಳಬಹುದು.

ಕೆಡುವ ಜಾಗಗಳು ಹಲವು. ಸಂಕೇತವನ್ನು ಎಂಪಿ3 ಮಾಡಬೇಡಿ, ವೇವ್ ಫೈಲೇ ಇರಲಿ. ಬ್ಲೂಟೂತ್ ಬೇಡ, ತಂತಿ ಹಾಕಿ. ಅಳೆಯುವ ಸಾಧನದಲ್ಲಿ ಗದ್ದಲ ತಗ್ಗಿಸುವ, ಮಟ್ಟ ತಾನೇ ಸರಿಹೊಂದಿಸುವ ಸೌಲಭ್ಯಗಳು ಆರಿರಬೇಕು. ಮಾತಿನಲ್ಲಿ ಬಿಡುವುಗಳಿರುವುದರಿಂದ ಸಂಕೇತವನ್ನು ನಿಜವಾದ ಘೋಷಣೆಯ ಸರಾಸರಿಗಿಂತ 3 ಡೆಸಿಬೆಲ್ ಮೇಲಿಡಬೇಕು. ಬಹಳ ಜನ ಇದನ್ನು ಮರೆತು, ವ್ಯವಸ್ಥೆಯನ್ನು ಅದು ಇರುವುದಕ್ಕಿಂತ ಕೆಟ್ಟದ್ದೆಂದು ತೀರ್ಮಾನಿಸುತ್ತಾರೆ. ಕೂತವರ ಕಿವಿಗೆ ನೆಲದಿಂದ 1.2 ಮೀಟರ್, ನಿಂತವರಿಗೆ 1.6. ಸ್ಪೀಕರಿನ ನೇರ ಕೆಳಗೆ, ಎರಡು ಸ್ಪೀಕರುಗಳ ನಡುವೆ, ಬಾಗಿಲ ಬಳಿ, ಫ್ಯಾನಿನ ಕೆಳಗೆ, ಹೀಗೆ ಜಾಗ ಬದಲಿಸಿ. ಒಂದೇ ಜಾಗದ ಅಳತೆಗಳು 0.03ಕ್ಕಿಂತ ಹೆಚ್ಚು ಹೊಯ್ದಾಡಿದರೆ ಇನ್ನೂ ಮೂರು ಸಲ ಅಳೆಯಿರಿ.

ಯಾವ ಕ್ಷಣದ ಗದ್ದಲ ಎಂಬುದನ್ನು ಮಾತ್ರ ಜೋಪಾನವಾಗಿ ಆಯ್ದುಕೊಳ್ಳಿ. ‘ಪುಢೀಲ ಸ್ಟೇಶನ’ (ಮುಂದಿನ ನಿಲ್ದಾಣ) ಎಂಬ ಮರಾಠಿ ಘೋಷಣೆ ಬರುವುದು ರೈಲು ಹೊರಟು ವೇಗ ಹಿಡಿಯುವಾಗಲೋ ಬ್ರೇಕ್ ಹಾಕುವಾಗಲೋ. ಪೂರ್ತಿ ವೇಗದ ಗದ್ದಲ ಅಳೆದು ಅದರ ಮೇಲೆ ದೂರು ಬರೆದರೆ ರೈಲ್ವೆಯವರು ತಳ್ಳಿಹಾಕುವುದು ಸರಿಯೇ. ಬಾಗಿಲು ತೆರೆದೇ ಓಡುವ ಮಾಮೂಲಿ ಡಬ್ಬಿಯನ್ನೂ 2017ರ ಡಿಸೆಂಬರಿನಲ್ಲಿ ಶುರುವಾದ ಎಸಿ ಲೋಕಲ್ಲನ್ನೂ ಒಂದೇ ಸರಾಸರಿಗೆ ಸೇರಿಸಬೇಡಿ. ಮೊದಲನೆಯದರಲ್ಲಿ ಶತ್ರು ಹೊರಗಿನ ಗದ್ದಲ, ಎರಡನೆಯದರಲ್ಲಿ ಒಳಗಿನ ನುಣುಪು ಗೋಡೆಗಳ ಪ್ರತಿಧ್ವನಿಯೂ ಎಸಿಯ ಬೀಸುಸದ್ದೂ ಸೇರಿಕೊಳ್ಳುತ್ತವೆ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಸ್ಸಿನೊಳಗೆ ಕನ್ನಡ ಮಾತು ಎಷ್ಟು ತಿಳಿಯುತ್ತದೆ ಎಂದು ಜನರ ಮೇಲೇ ಪರೀಕ್ಷಿಸಬೇಕೆಂದಿದ್ದೇನೆ. ಇಂಗ್ಲಿಷಿನ ಪದಪಟ್ಟಿ ಅನುವಾದಿಸಿದರೆ ಸಾಕೇ? (ಪಿಂಪರಿಯ ವಿದ್ಯಾರ್ಥಿನಿ)

ಸಾಲದು, ಅನುವಾದವಂತೂ ಖಂಡಿತ ಬೇಡ. ಇಂಗ್ಲಿಷಿನ ಪ್ರಾಸಪದ ಪರೀಕ್ಷೆಯಲ್ಲಿ ಆರಾರು ಪದಗಳ 50 ಗುಂಪುಗಳಿವೆ. ಅರ್ಧದಲ್ಲಿ ಮೊದಲ ವ್ಯಂಜನ ಬದಲಾಗುತ್ತದೆ, ಇನ್ನರ್ಧದಲ್ಲಿ ಕೊನೆಯ ವ್ಯಂಜನ. ಕನ್ನಡದ ಪದ ವ್ಯಂಜನದಲ್ಲಿ ಮುಗಿಯುವುದೇ ಅಪರೂಪ, ಸ್ವರ ಬೇಕೇಬೇಕು. ಆದ್ದರಿಂದ ಆ ಎರಡನೆಯ ಅರ್ಧಕ್ಕೆ ನಮ್ಮಲ್ಲಿ ಜಾಗವಿಲ್ಲ. ಅದರ ಬದಲು ನಡುವಿನ ವ್ಯಂಜನವನ್ನು ಬದಲಿಸಿ.

ಮೊದಲ ಅಕ್ಷರಕ್ಕೆ: ಕರಿ, ಗರಿ, ಮರಿ, ಸರಿ, ಹರಿ, ಬರಿ. ನಡುವಿನದಕ್ಕೆ: ಕಡಿ, ಕರಿ, ಕಲಿ, ಕವಿ, ಕಸಿ, ಕಹಿ. ಇಂಥ ಗುಂಪುಗಳು ಹುಡುಕಿದಷ್ಟೂ ಸಿಗುತ್ತವೆ, ನಮ್ಮ ಭಾಷೆ ಈ ವಿಷಯದಲ್ಲಿ ಧಾರಾಳಿ. ಇವುಗಳ ಜೊತೆ ಕನ್ನಡಕ್ಕೇ ಸೇರಿದ ಮೂರು ಬಗೆಯ ಜೋಡಿಗಳನ್ನು ಪ್ರತ್ಯೇಕ ಪಟ್ಟಿಯಾಗಿ ಇಡಿ. ಉದ್ದದ ಜೋಡಿ: ಕತೆ-ಕತ್ತೆ, ಎಲೆ-ಎಲ್ಲೆ, ಬಳೆ-ಬಾಳೆ, ಹಸು-ಹಾಸು. ನಾಲಗೆಯ ಜಾಗದ ಜೋಡಿ: ಅನ್ನ-ಅಣ್ಣ, ಹಲ್ಲಿ-ಹಳ್ಳಿ, ಬೆಲೆ-ಬೆಳೆ, ಕಲೆ-ಕಳೆ. ಕೊನೆಸ್ವರದವು: ಬಂದ, ಬಂದೆ, ಬಂದು. ಯಾರು ಬಂದರೆಂಬ ಸುದ್ದಿಯೇ ಆ ಕೊನೆಸ್ವರದಲ್ಲಿದೆ, ಮತ್ತು ವಾಕ್ಯದ ತುದಿಯಲ್ಲಿ ದನಿ ಇಳಿಯುವುದರಿಂದ ಗದ್ದಲಕ್ಕೆ ಮೊದಲು ಬಲಿಯಾಗುವುದೂ ಅದೇ.

ಇವನ್ನು ಬೇರೆ ಬೇರೆ ಇಡಲು ಕಾರಣವಿದೆ. 1955ರಲ್ಲಿ ಮಿಲ್ಲರ್ ಮತ್ತು ನೈಸ್ಲಿ ಇಂಗ್ಲಿಷ್ ವ್ಯಂಜನಗಳ ಮೇಲೆ ತೋರಿಸಿದ್ದು ಇದನ್ನೇ: ಗದ್ದಲದಲ್ಲಿ ಘೋಷ-ಅಘೋಷ (ಗ-ಕ, ದ-ತ) ಭೇದ ಮತ್ತು ಮೂಗಿನ ದನಿ ಬಹಳ ಹೊತ್ತು ಬದುಕುತ್ತವೆ, ಉಚ್ಚಾರದ ಜಾಗದ ಭೇದ ಬೇಗ ಸಾಯುತ್ತದೆ. ಅಂದರೆ ‘ಅಣ್ಣ’ ಎಂದದ್ದು ಅನ್ನವೋ ಅಣ್ಣನೋ ಎಂಬ ಗೊಂದಲ ಮೊದಲು ಹುಟ್ಟುತ್ತದೆ, ‘ಅಕ್ಕ’ ಎಂದು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕತೆ-ಕತ್ತೆಯ ಉದ್ದದ ಭೇದ ಏರಿಳಿತವಿಲ್ಲದ ಗದ್ದಲವನ್ನು ತಕ್ಕಮಟ್ಟಿಗೆ ತಾಳಿಕೊಂಡೀತು. ಪ್ರತಿಧ್ವನಿ ಬಂದು ಮೌನದ ಆ ಚೂರನ್ನು ತುಂಬಿದರೆ ಕೆಡುತ್ತದೆ. ಎಲ್ಲವನ್ನೂ ಒಂದೇ ಶೇಕಡಾಕ್ಕೆ ಕಲಸಿದರೆ ಬಸ್ಸಿನ ಯಾವ ದೋಷ ಯಾವ ಅಕ್ಷರವನ್ನು ತಿಂದಿತು ಎಂದು ತಿಳಿಯುವುದೇ ಇಲ್ಲ.

ದನ-ಧನದಂಥ ಮಹಾಪ್ರಾಣದ ಜೋಡಿಗಳನ್ನು ಕೈಬಿಡಿ, ಆಡುಮಾತಿನಲ್ಲಿ ಹೆಚ್ಚಿನವರು ಅವನ್ನು ಬೇರೆ ಮಾಡುವುದೇ ಇಲ್ಲ. ಇನ್ನೊಂದು ಎಚ್ಚರ: ಪುಣೆಯಲ್ಲಿ ನಿಮಗೆ ಸಿಗುವ ಕೇಳುಗರಲ್ಲಿ ಬೆಳಗಾವಿ, ಕಲಬುರಗಿ ಕಡೆಯವರೂ ಇರುತ್ತಾರೆ, ಮನೆಯಲ್ಲಿ ತುಳು ಮಾತಾಡುವವರೂ ಇರುತ್ತಾರೆ, ಇಲ್ಲೇ ಹುಟ್ಟಿ ಮರಾಠಿಯಲ್ಲಿ ಓದಿದವರೂ ಇರುತ್ತಾರೆ. ನ-ಣ, ಲ-ಳ ಭೇದ ಕೆಲವರ ಆಡುಮಾತಿನಲ್ಲೇ ಇಲ್ಲ. ಮೊದಲು ಪೂರ್ತಿ ಪಟ್ಟಿಯನ್ನು ಸದ್ದಿಲ್ಲದ ಕೋಣೆಯಲ್ಲಿ ಕೇಳಿಸಿ. ಅಲ್ಲೇ ತಪ್ಪುವ ಪದವನ್ನು ತೆಗೆದುಹಾಕಿ, ಅದು ಬಸ್ಸಿನ ತಪ್ಪಲ್ಲ. ಎರಡನೆಯ ಭಾಷೆಯಾಗಿ ಕೇಳುವವರಿಗೆ ಅಷ್ಟೇ ಅಂಕ ಬರಲು ಗದ್ದಲ ಕೆಲವು ಡೆಸಿಬೆಲ್ ಕಡಿಮೆ ಇರಬೇಕಾಗುತ್ತದೆ, ಅವರನ್ನು ಬೇರೆ ಗುಂಪಾಗಿ ಎಣಿಸಿ.

ಓಡುವ ಬಸ್ಸಿನಲ್ಲೇ ಪರೀಕ್ಷೆ ಮಾಡಲು ಹೋಗಬೇಡಿ. ಒಬ್ಬರಿಗೆ ಸಿಗ್ನಲ್ಲಿನಲ್ಲಿ ನಿಂತ ಬಸ್ಸು, ಇನ್ನೊಬ್ಬರಿಗೆ ಗುಂಡಿ ಹಾರಿದ ಬಸ್ಸು ಸಿಗುತ್ತದೆ. ಬಸ್ಸಿನ ಗದ್ದಲವನ್ನು ಎರಡು ಕಿವಿಗಳ ಜಾಗದಲ್ಲಿ ಎರಡು ಮೈಕಿಟ್ಟು ಒಮ್ಮೆ ರೆಕಾರ್ಡ್ ಮಾಡಿಕೊಂಡು, ಕೋಣೆಯಲ್ಲಿ ಹೆಡ್‌ಫೋನಿನ ಮೂಲಕ ಎಲ್ಲರಿಗೂ ಅದನ್ನೇ ಕೇಳಿಸಿ. ರೆಕಾರ್ಡ್ ಶುರುವಿಗೆ ಮೈಕಿನ ಅಳತೆ ಸರಿನೋಡುವ ಕ್ಯಾಲಿಬ್ರೇಟರಿನ 1000 ಹರ್ಟ್ಜ್, 94 ಡೆಸಿಬೆಲ್ ಸ್ವರವನ್ನು ಸೇರಿಸಿ, ಇಲ್ಲದಿದ್ದರೆ ಆಮೇಲೆ ಮಟ್ಟ ಎಷ್ಟಿತ್ತೆಂದು ಹೇಳಲು ದಾರಿ ಇರುವುದಿಲ್ಲ. ಪದಗಳನ್ನು ‘ನೀವು ಗುರುತಿಸಬೇಕಾದ ಪದ’ ಎಂಬಂಥ ಒಂದೇ ಮುನ್ನುಡಿಯ ಜೊತೆ, ಬಾಯಿಂದ 30 ಸೆಂಟಿಮೀಟರ್ ದೂರದ ಮೈಕಿನಲ್ಲಿ ಹೇಳಿಸಿ. ಮಟ್ಟ ಸರಿಹೊಂದಿಸುವಾಗ ಮುನ್ನುಡಿಯನ್ನು ನೋಡಿ, ಪದದ ಶಿಖರವನ್ನಲ್ಲ; ‘ಕಹಿ’ಯನ್ನು ‘ಕಡಿ’ಯಷ್ಟು ಜೋರು ಮಾಡಿದರೆ ಸಹಜತೆಯೇ ಹೋಯಿತು. ಮಾತು-ಗದ್ದಲದ ಅಂತರ −12, −8, −4, 0, +4 ಡೆಸಿಬೆಲ್ ಇರಲಿ. ಒಟ್ಟು ಮಟ್ಟ 80 ಡೆಸಿಬೆಲ್ ದಾಟದಿರಲಿ. ಕೇಳುಗರ ಶ್ರವಣವನ್ನು ಮೊದಲೇ ಪರೀಕ್ಷಿಸಿ, ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ.

ಆರರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೂ ಕೆಲವು ಸರಿಯಾಗುತ್ತವೆ. ಅದಕ್ಕೆ ತಪ್ಪುಗಳ ಐದನೇ ಒಂದು ಭಾಗವನ್ನು ಸರಿಗಳಿಂದ ಕಳೆಯಿರಿ. 50ರಲ್ಲಿ 38 ಸರಿ, 12 ತಪ್ಪು ಆದರೆ 38ರಿಂದ 2.4 ಕಳೆದು 35.6, ಅಂದರೆ ಶೇ. 71. ಎರಡೇ ಆಯ್ಕೆಯ ಜೋಡಿಗಳಲ್ಲಿ ತಪ್ಪುಗಳನ್ನು ಪೂರ್ತಿ ಕಳೆಯಬೇಕು. ಪದಗಳ ಸಂಖ್ಯೆಯಲ್ಲಿ ಜಿಪುಣತನ ಬೇಡ: ಶೇ. 50ರ ಆಸುಪಾಸಿನಲ್ಲಿ 25 ಪದಗಳ ಪಟ್ಟಿಗೆ ಸಹಜ ಹೊಯ್ದಾಟವೇ ಶೇ. 10, 100 ಪದಗಳಿಗೆ ಶೇ. 5. ಒಬ್ಬ ಕೇಳುಗ, 25 ಪದ, ಎರಡು ಬಸ್ಸು, ಶೇ. 6 ವ್ಯತ್ಯಾಸ ಎಂದು ವರದಿ ಬರೆದರೆ ಅದರಲ್ಲಿ ಏನೂ ಇಲ್ಲ.

ಪದಪಟ್ಟಿ, ವಾಕ್ಯಪಟ್ಟಿ ಕಟ್ಟುವ ಶ್ರಮ ಬೇಡವೆನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಕನ್ನಡಕ್ಕೆಂದೇ ರೂಪಿಸಿದ ಪಟ್ಟಿಗಳಿವೆ, ಕೇಳಿ ನೋಡಿ. ಶ್ರವಣ ಪರೀಕ್ಷೆಯ ಸಲಹೆಗೆ ಮುಂಬಯಿ ಬಾಂದ್ರಾದ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಯನ್ನೂ ಕೇಳಬಹುದು.

ಪ್ರಶ್ನೆ: ಗದ್ದಲದಲ್ಲಿ ನಾವು ನಾವಾಗಿಯೇ ಕೂಗುತ್ತೇವಲ್ಲ, ಆಗ ಅಳತೆ ಯಾಕೆ? (ಮುಲುಂಡ್)

ಕೂಗುವುದು ನಿಜ. 1911ರಲ್ಲಿ ಇದನ್ನು ಗುರುತಿಸಿದ ಫ್ರೆಂಚ್ ವೈದ್ಯ ಲೊಂಬಾರ್‌ನ ಹೆಸರೇ ಇದಕ್ಕಿದೆ. ಆದರೆ ಗದ್ದಲ 10 ಡೆಸಿಬೆಲ್ ಏರಿದರೆ ದನಿ ಏರುವುದು ಸುಮಾರು 3ರಿಂದ 6. ಉಳಿದದ್ದು ಸಾಲವಾಗಿಯೇ ಉಳಿಯುತ್ತದೆ. ರೆಕಾರ್ಡ್ ಮಾಡಿದ ಘೋಷಣೆಗೆ ಆ ಗುಣವೂ ಇಲ್ಲ.

ಪ್ರಶ್ನೆ: ಕಾರಿನ ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡಿದರೆ ಮಳೆಗಾಲದಲ್ಲಿ ಮಾತ್ರ ಆಚೆಯವರಿಗೆ ನನ್ನ ಮಾತು ತುಂಡು ತುಂಡಾಗಿ ಕೇಳುತ್ತದಂತೆ. (ಠಾಣೆ)

ಗಾಜಿನ ಮಬ್ಬು ತೆಗೆಯಲು ಗಾಳಿಯನ್ನು ಮುಂಗಾಜಿಗೆ ಬಿಟ್ಟಿರುತ್ತೀರಿ. ಅದು ಗಾಜಿನ ಮೇಲೆ ಹತ್ತಿ ಚಾವಣಿಗೆ ತಿರುಗಿ, ಕನ್ನಡಿಯ ಬಳಿ ಇರುವ ಮೈಕಿನ ಮೇಲೆ ನೇರ ಬೀಸುತ್ತದೆ. ಜೊತೆಗೆ ಒದ್ದೆ ರಸ್ತೆ ಟಯರಿನ ಸದ್ದಿಗೆ ಮೇಲಿನ ಪಟ್ಟಿಗಳಲ್ಲಿ ಸುಯ್ಯೆನ್ನುವ ಸದ್ದು ಸೇರಿಸುತ್ತದೆ. ಗದ್ದಲ ತಗ್ಗಿಸುವ ಸಾಫ್ಟ್‌ವೇರು ಎರಡನ್ನೂ ಕತ್ತರಿಸುವ ಭರದಲ್ಲಿ ನಿಮ್ಮ ಸ, ಶ, ತಗಳನ್ನೂ ಕತ್ತರಿಸುತ್ತದೆ. ಮಬ್ಬು ಹೋದ ಮೇಲೆ ಫ್ಯಾನನ್ನು ಒಂದೆರಡು ಮೆಟ್ಟಿಲು ಇಳಿಸಿ. ಹೊರಗಿನಿಂದ ಹಾಕಿಸಿದ ಮೈಕಾದರೆ ಬಾಯಿಗೆ ಹತ್ತಿರ ತನ್ನಿ, ದೂರ ಅರ್ಧವಾದರೆ ಸುಮಾರು 6 ಡೆಸಿಬೆಲ್ ಲಾಭ. ಸುಧಾರಿಸಿತೇ ಎಂದು ತಿಳಿಯಲು ‘ಕೇಳಿಸ್ತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ಪಕ್ಕದಲ್ಲಿ ಕೂತವರು ಹತ್ತು ಬಿಡಿಪದ ಓದಲಿ, ಆಚೆಯವರು ಬರೆದುಕೊಳ್ಳಲಿ, ಆಮೇಲೆ ತಾಳೆ ನೋಡಿ.

ಪ್ರಶ್ನೆ: ತಂದೆಯವರಿಗೆ ಶ್ರವಣಯಂತ್ರವಿದೆ. ಮಾಂಡವಿಯ ಫೆರಿಯಲ್ಲೂ ಬಸ್ಸಿನಲ್ಲೂ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಎಲ್ಲಿ ಕೂರಿಸಬೇಕು? (ಪಣಜಿ)

ಫೆರಿಯಲ್ಲಿ ಎಂಜಿನ್ ಅವರ ಬೆನ್ನಿಗೆ ಬರಲಿ, ನೀವು ಮುಖದ ಎದುರು ನಿಲ್ಲಿ. ದಿಕ್ಕು ಆರಿಸುವ ಮೈಕುಗಳು ಎದುರಿನದನ್ನು ಹಿಡಿದು ಹಿಂದಿನದನ್ನು ತಗ್ಗಿಸುತ್ತವೆ. ಪಕ್ಕದಲ್ಲಿ ಕೂತು ಮಾತಾಡಿದರೆ ಆ ಲಾಭವಿಲ್ಲ. ನದಿಯ ಗಾಳಿ ಯಂತ್ರದ ಮೈಕಿಗೆ ನೇರ ಹೊಡೆಯದ ಜಾಗ ನೋಡಿ, ತೆಗೆದಿಡಲು ಅವರಿಗೆ ಅದೇ ಕಾರಣವಿರಬಹುದು. ಎಂಜಿನ್ ಡ್ರೈವರನ ಪಕ್ಕದಲ್ಲಿರುವ ಹಳೆಯ ಬಸ್ಸಿನಲ್ಲಿ ನಡುವಿನಿಂದ ಹಿಂದಕ್ಕೆ, ಎಂಜಿನ್ ಹಿಂದಿರುವ ತಗ್ಗುನೆಲದ ಬಸ್ಸಿನಲ್ಲಿ ಮುಂದಕ್ಕೆ, ಎರಡರಲ್ಲೂ ಕಿಟಕಿಯ ಬದಲು ಒಳಬದಿಯ ಸೀಟು. ಯಂತ್ರ ಹೊಂದಿಸುವವರ ಬಳಿ ಹೋದಾಗ ಗಾಳಿಯ ಸದ್ದು ತಗ್ಗಿಸುವ ಸೌಲಭ್ಯ ಅದರಲ್ಲಿ ಇದೆಯೇ, ಇದ್ದರೆ ತೆರೆದಿದೆಯೇ ಎಂದು ಕೇಳಿ.